ನಾಲ್ಕು ಇಂಚು

ಬೆಳಿಗ್ಗೆ ಹತ್ತು ಗಂಟೆಯಾದರೂ ಒರ್ವಿಲ್‌ನ ಕಿಟಕಿಯಲ್ಲಿ ದೀಪ ಉರಿಯುತ್ತಲೇ ಇತ್ತು.

ವರ್ನಾ ತನ್ನ ದೋಣಿಮನೆಯ ಕಿಟಕಿಯಲ್ಲಿ ದುರ್ಬೀನು ಕೆಳಗಿಟ್ಟಳು. ಇನ್ನೂರು ಗಜ ಆಚೆ, ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ಕೊಲ್ಲಿಯಲ್ಲಿ, ಅವನ ಹಸಿರು ದೋಣಿಮನೆ ಸುಮ್ಮನೆ ನಿಂತಿತ್ತು. ಚಿಮಣಿಯಲ್ಲಿ ಹೊಗೆಯಿಲ್ಲ. ದೀಪವೂ ಎಂದಿನಂತೆ ಕೊಕ್ಕೆಯಲ್ಲಿ ತೂಗುತ್ತಿಲ್ಲ, ಕಿಟಕಿಯ ಕೆಳಮೂಲೆಯಲ್ಲಿದೆ.

"ಗ್ಯಾಸ್ ಒಲೆ ತಂದಿರಬೇಕು ದೊಡ್ಡ ಮನುಷ್ಯ. ಸೌದೆ ಒಡೆಯೋಕೂ ಸೋಮಾರಿತನ," ಎಂದು ಗೊಣಗಿದಳು.

ದೂರದ ಉತ್ತರದ ಹಿಮನಾಡಿನ ಈ ಯೆಲ್ಲೋನೈಫ್ ಕೊಲ್ಲಿಗೆ ಬೇಸಿಗೆಯಲ್ಲಿ ಬಂದವರು ಬಣ್ಣಬಣ್ಣದ ದೋಣಿಮನೆಗಳನ್ನು ಕಂಡು ಸ್ವರ್ಗ ಎನ್ನುತ್ತಾರೆ. ಸ್ವರ್ಗದಲ್ಲಿ ಕಕ್ಕಸಿನ ಬಕೆಟ್ಟು ಹೊರುವವರು ಯಾರು ಎಂದು ಒಬ್ಬರೂ ಕೇಳುವುದಿಲ್ಲ. ಚಳಿಗಾಲದಲ್ಲಿ ಒಂದು ಕೊಡ ನೀರಿಗೂ ಮಂಜುಗಡ್ಡೆ ಕೊರೆಯಬೇಕು. ವರ್ಷಕ್ಕೆ ಎರಡು ಸಲವಂತೂ ಸೆರೆವಾಸ: ನೀರು ಗಟ್ಟಿಯಾಗುವಾಗ ಒಮ್ಮೆ, ಕರಗುವಾಗ ಒಮ್ಮೆ. ಆಗ ದೋಣಿ ಸಾಗದು, ಕಾಲಿಟ್ಟರೆ ತಡೆಯದು. ಮಂಜುಗಡ್ಡೆ ನಾಲ್ಕು ಇಂಚು ದಪ್ಪವಾಗುವವರೆಗೆ ಯಾರೂ ಯಾರ ಮನೆಗೂ ಹೋಗುವಂತಿಲ್ಲ.

ಆ ದಿನಗಳಿಗೆ ಅಲ್ಲಿಯವರೇ ಮಾಡಿಕೊಂಡ ಕಟ್ಟಳೆಯೊಂದಿದೆ. ಸಂಜೆ ಕಿಟಕಿಯಲ್ಲಿ ಬ್ಯಾಟರಿ ದೀಪವಿಟ್ಟರೆ ಒಳಗಿನವರು ಕ್ಷೇಮ, ಯಾರೂ ಬರಬೇಕಿಲ್ಲ. ದೀಪ ಕಾಣದಿದ್ದರೆ ಪಕ್ಕದ ಮನೆಯವರು ಹೋಗಲೇಬೇಕು, ಮಂಜುಗಡ್ಡೆ ಎಷ್ಟೇ ತೆಳುವಿರಲಿ.

ಎರಡು ವರ್ಷದ ಹಿಂದೆ ಒಂದು ಸಂಜೆ ಒರ್ವಿಲ್‌ನ ದೀಪ ಕಾಣಲಿಲ್ಲ. ವರ್ನಾಳ ಗಂಡ ನೀಲ್ಸ್ ಉದ್ದನೆಯ ಕೋಲು ಹಿಡಿದು ಹೊರಟ. ಕೋಲು ಮರುದಿನವೇ ಸಿಕ್ಕಿತು. ನೀಲ್ಸ್ ಸಿಕ್ಕಿದ್ದು ಮೇ ತಿಂಗಳಲ್ಲಿ, ಕೊಲ್ಲಿ ಕರಗಿದ ಮೇಲೆ. ಒರ್ವಿಲ್‌ಗೆ ಏನೂ ಆಗಿರಲಿಲ್ಲ. ಕುಡಿದು ಮಲಗಿದ್ದ, ಅಷ್ಟೇ.

ಅವನು ಕ್ಷಮೆ ಕೇಳಲು ಬಂದಾಗ ವರ್ನಾ ಬಾಗಿಲನ್ನು ಅರ್ಧ ಮಾತ್ರ ತೆರೆದಳು.

"ನಿನ್ನ ಮುಖ ನೋಡಲ್ಲ. ದೀಪ ನೋಡ್ತೀನಿ," ಎಂದಳು. "ಅದು ಆರಿದ್ರೆ ನಾನೇ ಬರ್ತೀನಿ, ನೀಲ್ಸ್ ಬಂದ ಹಾಗೇ. ನೆನಪಿಟ್ಕೋ."

ಅಲ್ಲಿಗೆ ಮಾತು ಮುಗಿದಿತ್ತು. ಆಮೇಲೆ ಒಂದು ಸಂಜೆಯೂ ಅವನ ದೀಪ ತಪ್ಪಿರಲಿಲ್ಲ.

ನೀರು ಗಟ್ಟಿಯಾಗುವ ದಿನಗಳೆಂದರೆ ವರ್ನಾಳಿಗೆ ಈಗ ಜೀವ ಕೈಯಲ್ಲಿ ಹಿಡಿದಂತೆ. ನೆಲದ ಹಲಗೆಯ ಕೆಳಗೆ ಮಂಜುಗಡ್ಡೆ ನರಳುತ್ತದೆ. ಒಮ್ಮೊಮ್ಮೆ ಮೂರು ಸಲ ಬಡಿಯುತ್ತದೆ, ನೀಲ್ಸ್ ಬಾಗಿಲು ಬಡಿಯುತ್ತಿದ್ದಂತೆಯೇ. ಮಂಜುಗಡ್ಡೆ ಹಿಗ್ಗುವ ಸದ್ದು ಎಂದು ಅವಳಿಗೆ ಗೊತ್ತು. ಗೊತ್ತಿದ್ದೂ ಎಷ್ಟೋ ಸಲ "ಬಂದೆ" ಎಂದು ಎದ್ದಿದ್ದಾಳೆ.

ಮಧ್ಯಾಹ್ನ ರೇಡಿಯೋದಲ್ಲಿ ನಾದಿನಿ ಇಂಗ್ರಿಡ್ ಸಿಕ್ಕಳು. ಅವಳ ಮನೆ ಊರೊಳಗೆ, ಗಟ್ಟಿ ನೆಲದ ಮೇಲೆ.

"ಅತ್ತಿಗೆ, ಐಸ್ ಎಷ್ಟಾಯ್ತು?"

"ಬೆಳಿಗ್ಗೆ ಕೊರೆದು ನೋಡ್ದೆ. ಎರಡೂವರೆ ಇಂಚು. ಆ ಕುಡುಕನ ದೀಪ ಹಗಲೂ ಉರೀತಿದೆ ಕಣೇ. ಹೊಗೆ ಮಾತ್ರ ಇಲ್ಲ. ಅವನ ಹತ್ರ ರೇಡಿಯೋನೂ ಇಲ್ಲ."

"ಉರೀತಿದೆ ತಾನೇ? ಬೇರೆಯವ್ರು ದೀಪ ಆರಿದ್ರೆ ಗಾಬರಿ ಬೀಳ್ತಾರೆ. ನೀವು ಉರಿದ್ರೂ ಬೀಳ್ತೀರಲ್ಲ!"

"ಗಾಬರಿ ನಂಗ್ಯಾಕೆ? ನನ್ನ ಹೊಟ್ಟೆ ಉರಿಸೋಕೇ ಇಟ್ಟಿದಾನೆ. ನೋಡು, ನಾನು ಬದುಕಿದೀನಿ, ನಿನ್ನ ಗಂಡ ಇಲ್ಲ ಅಂತ."

"ಇದೆಲ್ಲ ಯಾಕತ್ತಿಗೆ? ಮಾರಿಬಿಟ್ಟು ನಮ್ಮನೆಗೆ ಬನ್ನಿ. ಇಲ್ಲಿ ನಲ್ಲಿ ತಿರುಗಿಸಿದ್ರೆ ನೀರು ಬರುತ್ತೆ. ಬಕೆಟ್ ಹೊರೋ ಭಾಗ್ಯ ಒಂದಿಲ್ಲ, ನೋಡಿ."

ವರ್ನಾಳಿಗೆ ನಗು ಬಂತು. ಇಂಗ್ರಿಡ್ ನಗಲಿಲ್ಲ. "ಐಸ್ ಮೇಲೆ ಹೆಜ್ಜೆ ಇಡಬೇಡಿ. ಅಣ್ಣನ ಮೇಲಾಣೆ," ಎಂದಳು.

ಆದರೂ ಇಳಿಸಂಜೆಯಲ್ಲಿ ವರ್ನಾ ಕೋಲು ಹಿಡಿದು ಜಗಲಿಯ ಅಂಚಿಗೆ ಬಂದಳು. ಹೊಗೆಯಿಲ್ಲದ ಚಿಮಣಿ ಬೆಳಗಿನಿಂದ ಅವಳ ಮನಸ್ಸನ್ನು ಕೊರೆಯುತ್ತಿತ್ತು. ಒಂದು ಕಾಲು ಕೆಳಗಿಟ್ಟಳು. ಮಂಜುಗಡ್ಡೆ ಚಟಚಟ ಎಂದಿತು. ಆಚೆ ದೀಪ ನಿಶ್ಚಲವಾಗಿ ಉರಿಯುತ್ತಿತ್ತು. ದೀಪ ಇದೆಯಲ್ಲ, ಇನ್ನೇನು ಎಂದು ಕಾಲನ್ನು ಹಿಂದಕ್ಕೆಳೆದುಕೊಂಡಳು. ಹೋಗಬೇಕಿಲ್ಲ ಎಂಬ ಸಮಾಧಾನವಾಯಿತು. ಆ ಕುಡುಕನ ದೀಪದಿಂದ ಸಮಾಧಾನವಾಯಿತಲ್ಲ ಎಂದು ಸಿಟ್ಟೂ ಬಂತು.

ಮೋಡ ಕವಿದು ಚಳಿ ಸಡಿಲಿತು. ನಾಲ್ಕು ಇಂಚು ಆಗಲು ಮತ್ತೆ ಐದು ದಿನ ಹಿಡಿಯಿತು. ಅಷ್ಟರಲ್ಲಿ ಒರ್ವಿಲ್‌ನ ದೀಪ ಕೆಂಪಗೆ ಮಂಕಾಗಿತ್ತು, ಆರಿರಲಿಲ್ಲ. ವರ್ನಾ ಮನೆ ಮಾರಲು ನಿರ್ಧರಿಸಿದ್ದಳು. ಹೋಗುವ ಮೊದಲು ಅವನೆದುರು ನಿಂತು ಎರಡು ವರ್ಷ ನುಂಗಿಕೊಂಡದ್ದನ್ನೆಲ್ಲ ಕಕ್ಕಿಬಿಡಬೇಕು. ಹೆಜ್ಜೆಗೊಮ್ಮೆ ಕೋಲಿನಿಂದ ಕುಟ್ಟಿ ನೋಡುತ್ತ, ಬೈಗುಳಗಳನ್ನು ಜೋಡಿಸಿಕೊಳ್ಳುತ್ತ ನಡೆದಳು.

ಅವನ ಜಗಲಿಯ ಮೇಲೆ ಸೌದೆಯ ರಾಶಿ ಹಾಗೇ ಇತ್ತು. ಚಿಮಣಿ ಕೆರೆಯುವ ಬ್ರಷ್ಷು ಕೆಳಗೆ ಬಿದ್ದಿತ್ತು, ಪಕ್ಕದಲ್ಲಿ ಮುರಿದ ಏಣಿ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ.

ಒಳಗೂ ಹೊರಗಿನಷ್ಟೇ ಚಳಿ. ಒರ್ವಿಲ್ ಕಿಟಕಿಯ ಕೆಳಗೆ ನೆಲದ ಮೇಲೆ ಮಲಗಿದ್ದ. ಒಂದು ಕಾಲು ಮಂಡಿಯ ಕೆಳಗೆ ಸೊಟ್ಟಗೆ ತಿರುಗಿತ್ತು. ಮೈ ಮರಗಟ್ಟಿತ್ತು, ಉಸಿರು ಎಂದೋ ನಿಂತಿತ್ತು. ಮನೆಯಲ್ಲಿದ್ದ ಬ್ಯಾಟರಿಗಳನ್ನೆಲ್ಲ ಹತ್ತಿರಕ್ಕೆಳೆದು, ಒಂದಕ್ಕೊಂದು ತಂತಿ ಕಟ್ಟಿ, ಆ ಒಂದು ಬಲ್ಬಿಗೆ ಜೋಡಿಸಿದ್ದ. ತಂತಿ ಅವನ ಬೆರಳ ಪಕ್ಕದಲ್ಲೇ ಇತ್ತು; ಅದನ್ನು ಕಿತ್ತು ದೀಪ ಆರಿಸಲು ಕೈ ಎತ್ತಬೇಕಾಗಿಯೂ ಇರಲಿಲ್ಲ.

ಗೋಡೆಯ ಕ್ಯಾಲೆಂಡರು ಅವನ ಎದೆಯ ಮೇಲಿತ್ತು. ದಿನಕ್ಕೊಂದರಂತೆ ಮಂಜುಗಡ್ಡೆಯ ಅಳತೆ ಬರೆದಿದ್ದ. ಕೊನೆಯ ಬರಹದಲ್ಲಿ ಮಾತ್ರ ಅಕ್ಷರ ನಡುಗಿತ್ತು. ಅದು ಐದು ದಿನದ ಹಿಂದಿನ ಚೌಕದಲ್ಲಿತ್ತು. ವರ್ನಾ ಮಂಡಿಯೂರಿ ಓದಿದಳು.

"ಎರಡೂವರೆ ಆಗಿರಬಹುದು. ನಾಲ್ಕಾಗಲಿ, ದೀಪ ಆರಿಸುತ್ತೇನೆ. ಅಲ್ಲಿಯವರೆಗೆ ಅವಳು ಬರಬಾರದು."