ಬಿಗಿ ಜಡೆ

ಜವಳ ತೆಗೆಸಿದ ಮೇಲೆ ಮಗಳಿಗೆ ಗುಂಗುರು ಕೂದಲು ಬೆಳೆಯಿತು. ಮೂರು ವರ್ಷದಿಂದ ತಾಯಿ ದಿನಾ ಬೆಳಿಗ್ಗೆ ಅಗಸೆ ಬೀಜ ಕುದಿಸಿದ ಲೋಳೆ ಹಚ್ಚಿ, ಒದ್ದೆಯಲ್ಲೇ ಬಾಚಿ, ಸುರುಳಿ ಕಾಣದ ಹಾಗೆ ಬಿಗಿಯಾಗಿ ಜಡೆ ಹೆಣೆಯುತ್ತಿದ್ದಳು.

ಇಂದೂ ಕೋಣೆಯಲ್ಲಿ ಲೋಳೆಯ ಬಟ್ಟಲು ಇಟ್ಟುಕೊಂಡು ಮಗುವನ್ನು ಕೂರಿಸಿಕೊಂಡಿದ್ದಳು. ನಿನ್ನೆ ಊಟದ ಹೊತ್ತಿಗೆ ಮಗುವಿನ ಜಡೆ ಬಿಚ್ಚಿಹೋಗಿತ್ತು. ಮಾವ ಅದನ್ನೇ ನೋಡುತ್ತಾ, "ನಮ್ಮ ವಂಶದಲ್ಲಿ ಯಾರಿಗೂ ಇಂಥ ತಲೆ ಇಲ್ಲ, ನಿಮ್ಮ ಕಡೆನೂ ಇಲ್ಲ. ಇದು ಎಲ್ಲಿಂದ ಬಂತಮ್ಮ?" ಎಂದಿದ್ದರು. ಗಂಡ ತಲೆ ಎತ್ತದೆ, ಅರ್ಧ ಊಟಕ್ಕೇ ಕೈ ತೊಳೆದುಕೊಂಡಿದ್ದ.

ಅತ್ತೆ ಕೋಣೆಯೊಳಗೆ ಬಂದು ಚಿಲಕ ಹಾಕಿದರು.

"ದೇವರಾಣೆ ಅತ್ತೆ, ಇವಳು ನಿಮ್ಮ ಮಗನ ಮಗುನೇ."

"ಗೊತ್ತು."

"ಹಾಗಾದ್ರೆ ಮಾವನಿಗೆ ಹೇಳಿ. ನಾಳೆ ನನ್ನನ್ನ ತವರಿಗೆ ಕಳಿಸಿಬಿಡ್ತಾರಂತೆ."

ಅತ್ತೆ ಬಾಚಣಿಗೆ ತೆಗೆದುಕೊಂಡು ಮಗುವಿನ ಹಿಂದೆ ಕೂತರು. ಎದ್ದು ನಿಂತಿದ್ದ ಒಂದು ಸುರುಳಿಯನ್ನು ಬೆರಳಿಗೆ ಸುತ್ತಿ ನೋಡಿ, ಲೋಳೆ ಬಳಿದು ಒತ್ತಿದರು.

"ನಿನ್ನ ಗಂಡನಿಗೂ ಹೀಗೇ ಇತ್ತು. ಚಿಕ್ಕಂದಿನಿಂದ ಹದಿನೈದು ದಿನಕ್ಕೊಂದ್ಸಲ ತಲೆ ಸಣ್ಣಗೆ ಕತ್ತರಿಸಿ, ನಿಮ್ಮ ಮಾವನ ಕಣ್ಣಿಗೆ ಬೀಳದ ಹಾಗೆ ನೋಡ್ಕೊಂಡಿದೀನಿ. ಈಗ ಬಾಯಿ ಬಿಟ್ರೆ, ಅದು ಎಲ್ಲಿಂದ ಬಂತು ಅಂತ ನನ್ನನ್ನೇ ಕೇಳ್ತಾರೆ. ನೀನು ತವರಿಗೆ ಹೋಗು."