ಬ್ಯಾರನ್‌ಗೆ ಬೆಂಕಿ ಬಿದ್ದ ಮಧ್ಯಾಹ್ನ

ಹೊಗೆಸೊಪ್ಪು ಬೇಯುವ ವಾಸನೆ ಈಗಲೂ ಮೂಗಿಗೆ ಬಡಿದರೆ ಪಿರಿಯಾಪಟ್ಟಣದ ಪಕ್ಕದ ನಮ್ಮೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಮನೆಗೆ ಬೆಂಕಿ ಬಿದ್ದು, ಅಪ್ಪ ಅವ್ವ ಇಬ್ಬರೂ ಕೊಡ ಹಿಡಿದು ಓಡಿದ್ದರು. ಎಂಟು ವರ್ಷದ ನಾನು, ಇಬ್ಬರು ತಮ್ಮಂದಿರು ಜಗಲಿಯಲ್ಲಿ ಹೆದರಿ ಕುಳಿತಿದ್ದೆವು; ತಮ್ಮಂದಿರು ಅಳುತ್ತಿದ್ದರು. ಏನೂ ಆಗಿಲ್ಲವೆಂದು ಅಜ್ಜಿ ಸುಳ್ಳು ಹೇಳಲಿಲ್ಲ.

"ಬೆಂಕಿ ಬಿದ್ದದೆ ಕಣವ್ವ. ನಿಮ್ಮಪ್ಪ ನಿಮ್ಮವ್ವ ಆಚೆನೇ ಅವ್ರೆ, ನಾನೇ ನೋಡ್ಕ ಬಂದೆ," ಎಂದು ನನ್ನ ಮುಂದೆ ಒಂದು ಮೊರ ಅಲಸಂದೆಕಾಯಿ ಸುರಿದಳು. "ನೀ ದೊಡ್ಡೋಳು. ಇವ್ರ ಕೈಲಿ ಸುಲಿಸು."

 ನಾನು ಒಂದೊಂದು ಕಾಯಿ ಬಿಡಿಸಿ, ಎಷ್ಟು ಕಾಳಿವೆ ಎಂದು ತಮ್ಮಂದಿರನ್ನು ಕೇಳುತ್ತಾ ಹೋದೆ. ಚಿಕ್ಕವನು ಅಳು ನಿಲ್ಲಿಸಿ ಎಣಿಸತೊಡಗಿದ.

ಬೆಂಕಿ ಆರಿಸಿ, ಮೈಯೆಲ್ಲ ಮಸಿಯಾಗಿ ಅಪ್ಪ, ಹಿಂದೆಯೇ ಅವ್ವ ಬಂದಾಗ ಅಜ್ಜಿ ಹೇಳಿದಳು: "ನಿನ್ ಮಗ್ಳು ಇವ್ರಿಬ್ರುನ್ನೂ ಅಳಕ್ಕೆ ಬುಡ್ಲಿಲ್ಲ ಕಣಪ್ಪ."

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತೆ.