ಪಂಚಮಿಗೆ ಕರೆಯಲು ಬಂದವಳು

ಎರಡು ನಿಮಿಷ ಬಿಡುವಿದ್ದರೆ ಈಗಲೇ ಓದಿ... ಇಲ್ಲದಿದ್ದರೆ ಊಟ ಆದ ಮೇಲೆ ಓದಿ. ಓದದೆ ಮಾತ್ರ ಮುಂದಕ್ಕೆ ಕಳಿಸಬೇಡಿ.

ಲಕ್ಷ್ಮೇಶ್ವರದ ಫಕೀರವ್ವನಿಗೆ ಅರವತ್ಮೂರು ವಯಸ್ಸು. ಶಾಲೆಯಲ್ಲಿ ನೂರಾರು ಮಕ್ಕಳಿಗೆ ಬಿಸಿಯೂಟ ಬೇಯಿಸಿ ಹಾಕಿದ ಗಟ್ಟಿಗಿತ್ತಿ. ಆದರೆ ಮಹಾ ಹೆದರುಪುಕ್ಕಲಿ.

ಕುಕ್ಕರ್ ಸೀಟಿ ಹೊಡೆದರೂ "ಶಿವಾ ಶಿವಾ" ಎನ್ನುವವಳು. ಗಂಡಸರು ಯಾರಾದರೂ ದನಿ ಏರಿಸಿದರೆ ಮುಗಿಯಿತು... ಬಾಯಲ್ಲಿ ಮಾತೇ ಹೊರಡುತ್ತಿರಲಿಲ್ಲ.

ಸೊಸೆ ರೂಪಾ ಆಕೆಯನ್ನು ಮೈಸೂರು ಟೂರಿಗೆ ಕರೆದುಕೊಂಡು ಬಂದಿದ್ದಳು. ಅರಮನೆ ಆಯಿತು, ಝೂ ಆಯಿತು... ಮೂರನೇ ದಿನ ಫೋನಿನಲ್ಲಿ ಹುಡುಕಿ ಒಂದು ನಾಟಕಕ್ಕೆ ಟಿಕೆಟ್ ಬುಕ್ ಮಾಡಿದಳು.

ನಾಟಕವೆಂದರೆ ಫಕೀರವ್ವನಿಗೆ ಪಂಚಪ್ರಾಣ. ಕಂಪನಿ ನಾಟಕದಲ್ಲಿ ಖಳನಾಯಕ ಎಷ್ಟೇ ಅಬ್ಬರಿಸಲಿ, ಅವನು ಸ್ಟೇಜಿನ ಮೇಲೆ, ತಾನು ಕೆಳಗೆ. ಆ ಧೈರ್ಯದ ಮೇಲೆ ಅವನನ್ನು ಬೈಯಲೂಬಹುದಿತ್ತು.

ಆದರೆ ರೂಪಾ ಕರೆದುಕೊಂಡು ಹೋಗಿದ್ದು ಒಂದು ಹಳೆಯ ಬಂಗಲೆಗೆ.

"ಪರದೆ ಎಲ್ಲೈತವಾ? ಕುಂದ್ರಾಕ ಕುರ್ಚಿನೂ ಇಲ್ಲ..."

"ಇಲ್ಲಿ ಕುಂದ್ರಂಗಿಲ್ರಿ ಅತ್ತಿ. ಮನಿ ತುಂಬ ನಾಟಕ ನಡೀತೈತಿ. ನಾವು ಅವ್ರ ನಡುವ ಅಡ್ಡ್ಯಾಡ್ಕೋತ ನೋಡೂದು."

ಬಾಗಿಲಲ್ಲಿದ್ದ ಹುಡುಗಿ ಹನ್ನೆರಡು ಜನ ಪ್ರೇಕ್ಷಕರನ್ನು ನಿಲ್ಲಿಸಿ ಹೇಳಿದಳು. "ನೀವೆಲ್ಲ ಈ ಮನೆಯ ಅಕ್ಕಪಕ್ಕದವರು ಅಂದ್ಕೊಳ್ಳಿ. ಫೋನ್ ಆಫ್ ಮಾಡಿ. ನಿಮ್ನಿಮ್ಮಲ್ಲಿ ಮಾತಾಡ್ಬೇಡಿ. ಅಷ್ಟೇ."

ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದರು. ಹೊರಗೆ ಸಂಜೆ ನಾಲ್ಕರ ಬಿಸಿಲು... ಒಳಗೆ ಕತ್ತಲು.

ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ತಟ್ಟೆ ಹಿಡಿದು ಅವರ ನಡುವೆಯೇ ಹಾದು ಹೋದಳು. ಅವಳ ಗಂಡನ ಪಾತ್ರದವನು ಒಂದು ತುತ್ತು ಬಾಯಿಗಿಟ್ಟ.

"ಸಾರಿಗೆ ಉಪ್ಪು ಹಾಕೋಕೂ ಬರಲ್ವಾ ನಿಂಗೆ?"

ಎಸೆದ ತಟ್ಟೆ ಗಿರಗಿರ ತಿರುಗುತ್ತ ಫಕೀರವ್ವನ ಕಾಲ ಬಳಿ ಬಂದು ಬಿತ್ತು. ಇಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ... ಎದ್ದು ಬಂದವನ ಹೆಗಲು ಆಕೆಯ ಹೆಗಲಿಗೆ ತಾಗಿತು.

ಅವನು ಹುಡುಗಿಯನ್ನು ಒಳಕೋಣೆಗೆ ಎಳೆದುಕೊಂಡು ಹೋದ. ಬಾಗಿಲು ಧಡ್ ಎಂದು ಮುಚ್ಚಿತು.

ಆಮೇಲೆ ಬರೀ ಸದ್ದು... ಏಟಿನ ಸದ್ದು. ಬಳೆ ಒಡೆಯುವ ಸದ್ದು. "ಬೇಡ ರೀ... ಬೇಡ..."

ಹನ್ನೆರಡು ಜನರೂ ನಿಂತೇ ಇದ್ದರು. ದಪ್ಪ ಮೀಸೆಯ ಗಟ್ಟಿ ಆಳೊಬ್ಬ ಗೋಡೆ ನೋಡುತ್ತಿದ್ದ.

ಆ ಸದ್ದು ಫಕೀರವ್ವನಿಗೆ ಹೊಸದಾಗಿರಲಿಲ್ಲ...

ಆಗ ಆಕೆಗೆ ಹದಿನೇಳು. ಮನೆಯಲ್ಲಿ ಅಣ್ಣತಮ್ಮಂದಿರಿರಲಿಲ್ಲ. ಮದುವೆಯಾದ ಅಕ್ಕ ನೀಲವ್ವನನ್ನು ನಾಗರಪಂಚಮಿಗೆ ತವರಿಗೆ ಕರೆತರಲು ಅವ್ವ ಎಳ್ಳು-ಶೇಂಗಾ ಉಂಡಿಯ ಗಂಟು ಕೊಟ್ಟು ಆಕೆಯನ್ನೇ ಕಳಿಸಿದ್ದಳು.

ಅಕ್ಕನ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಇದೇ ಸದ್ದು.

ಭಾವನ ಏರಿದ ದನಿ ಕೇಳಿ ಹೊಸ್ತಿಲ ಹೊರಗೇ ನಿಂತುಬಿಟ್ಟಳು. ಬಾಗಿಲು ಬಡಿಯಲಿಲ್ಲ. ಗಂಟನ್ನು ಕಟ್ಟೆಯ ಮೇಲಿಟ್ಟು ಬಂದ ಬಸ್ಸಿಗೇ ವಾಪಸಾದಳು. "ಅಕ್ಕಗ ಈ ಸಲ ಬರಾಕ ಆಗಂಗಿಲ್ಲಂತ" ಎಂದು ಅವ್ವನಿಗೆ ಸುಳ್ಳು ಹೇಳಿದಳು.

ದೀಪಾವಳಿಗೂ ಮೊದಲೇ ಸುದ್ದಿ ಬಂತು... ನೀಲವ್ವ ಬಾವಿಗೆ ಬಿದ್ದಿದ್ದಳು.

ನಲವತ್ತಾರು ವರ್ಷ ಆ ಸುಳ್ಳಿನ ಬಗ್ಗೆ ಫಕೀರವ್ವ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ಅಮ್ಮಾ..." ಒಳಗೆ ಹುಡುಗಿ ನರಳಿದಳು.

ಫಕೀರವ್ವ ಒಂದು ಹೆಜ್ಜೆ ಮುಂದಿಟ್ಟಳು. ರೂಪಾ ಸೆರಗು ಹಿಡಿದು ಪಿಸುಗುಟ್ಟಿದಳು. "ಅತ್ತಿ, ಇದು ನಾಟಕ ಐತ್ರಿ..."

ನಾಟಕವೆಂದು ಆಕೆಗೂ ಗೊತ್ತಿತ್ತು. ಕಾಲಿಗೆ ಗೊತ್ತಿರಬೇಕಲ್ಲ?

ಎರಡೂ ಕೈಯಿಂದ ಬಾಗಿಲು ದೂಡಿದಳು. ತೆರೆದುಕೊಂಡಿತು.

ಎತ್ತಿದ ಕೈ ಹಾಗೇ ಇಟ್ಟುಕೊಂಡು ಅವನು ತಿರುಗಿ ನೋಡಿದ. "ಯಾರು ನೀನು?"

ಫಕೀರವ್ವನ ಮೈಯೆಲ್ಲ ಗಡಗಡ ನಡುಗುತ್ತಿತ್ತು. ಓಡಿಹೋಗಬೇಕು ಅನ್ನಿಸಿತು. ಓಡಲಿಲ್ಲ.

"ನಾನ್ರಿ... ಆಕಿ ತಂಗಿ. ಪಂಚಮಿಗೆ ಕರಿಯಾಕ ಬಂದೇನ್ರಿ. ಆಕಿನ್ನ ಕರಕೊಂಡು ಹೋಗ್ತೇನಿ."

ಇಪ್ಪತ್ತರ ಹುಡುಗಿಗೆ ಅರವತ್ಮೂರರ ತಂಗಿ... ಆದರೂ ಯಾರೂ ನಗಲಿಲ್ಲ.

ಅವನ ಕೈ ಮೆಲ್ಲಗೆ ಕೆಳಗಿಳಿಯಿತು. ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಹುಡುಗಿ ಎದ್ದು ಬಂದು ಫಕೀರವ್ವನನ್ನು ತಬ್ಬಿಕೊಂಡು ಅತ್ತಳು. ಆ ಅಳು ನಾಟಕದ್ದಾಗಿರಲಿಲ್ಲ.

ಲೈಟು ಹತ್ತಿಕೊಂಡಾಗ ಫಕೀರವ್ವನಿಗೆ ಮತ್ತೆ ಭಯ. ಕೈ ಮುಗಿದಳು. "ತಪ್ಪಾತ್ರಿ... ನಿಮ್ಮ ನಾಟಕ ಕೆಡಿಸಿಬಿಟ್ಟೆ."

ಗಂಡನ ಪಾತ್ರದವನು ಕಣ್ಣೊರೆಸಿಕೊಂಡ. "ಇಲ್ಲಮ್ಮ. ಇದು ಅರವತ್ತೆರಡನೇ ಶೋ. ಆ ಬಾಗಿಲಿಗೆ ನಾವು ಒಂದಿನಾನೂ ಚಿಲಕ ಹಾಕಿಲ್ಲ. ಯಾರಾದ್ರೂ ತೆಗೆದ್ರೆ ಅವಳು ಬದುಕ್ತಾಳೆ, ಇಲ್ಲಾಂದ್ರೆ ಸಾಯ್ತಾಳೆ... ಹಾಗೇ ಬರೆದಿರೋದು."

"ಅರವತ್ತೊಂದು ಸಲ ಸತ್ತಿದ್ದೀನಮ್ಮ ನಾನು" ಎಂದಳು ಹುಡುಗಿ. "ಇವತ್ತೇ ಮೊದಲ ಸಲ ಆಚೆ ಬಂದಿದ್ದು."

ಮೀಸೆಯ ಮನುಷ್ಯ ತಲೆ ತಗ್ಗಿಸಿದ.

ಫಕೀರವ್ವ ಹೊಸ್ತಿಲ ಮೇಲೆಯೇ ಕುಸಿದು ಕುಳಿತಳು. "ನಮ್ಮಕ್ಕನ ಬಾಗಿಲಕ್ಕೂ ಚಿಲಕ ಇರಲಿಲ್ಲೇನೋ... ಯಾರಿಗ್ಗೊತ್ತು? ನಾ ದೂಡಿ ನೋಡಲೇ ಇಲ್ಲವಾ..."

ರೂಪಾಗೆ ಏನೂ ಅರ್ಥವಾಗಲಿಲ್ಲ. ಆದರೂ ಪಕ್ಕದಲ್ಲಿ ಕುಳಿತು ಅತ್ತೆಯ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು.

.
.

*ಧೈರ್ಯ ಬರಲಿ ಎಂದು ಕಾಯಬೇಡಿ... ನಡುಗುವ ಕೈ ದೂಡಿದರೂ ಬಾಗಿಲು ತೆರೆಯುತ್ತದೆ.*

ನಿಮ್ಮ ಓಣಿಯಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಅಂಥದೊಂದು ಬಾಗಿಲು ಇದೆಯೇ? ಅದರ ಹೊರಗೆ ನೀವು ಎಷ್ಟು ದಿನದಿಂದ ಸುಮ್ಮನೆ ನಿಂತಿದ್ದೀರಿ?